ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಮತ್ತು ನಿಮ್ಮ ಆರ್ಕಿಟೆಕ್ಟ್: ಬೆಳಗಾವಿ, ಬಾಗಲಕೋಟೆ, ವಿಜಯಪುರದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಳಗಾವಿಯಲ್ಲಿ ಇದ್ದುಕೊಂಡು ಬಾಗಲಕೋಟೆ, ವಿಜಯಪುರದ ಸೈಟುಗಳಿಗೆ ಓಡಾಡುವ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್. ಮನೆ ಕಟ್ಟಿಸುವವರು, ಆರ್ಕಿಟೆಕ್ಟ್ ಗೆಳೆಯರು, ಈಗಷ್ಟೇ ಕಾಲೇಜು ಮುಗಿಸಿದವರು, ಎಲ್ಲರೂ ಅವೇ ಪ್ರಶ್ನೆಗಳನ್ನು ತಿರುಗಿಸಿ ತಿರುಗಿಸಿ ಕೇಳುತ್ತಾರೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ. ಯಾವುದು ಬೇಕೋ ಅದನ್ನಷ್ಟೇ ಓದಿ.

ನೀವು ಗಾರ್ಡನ್ ಮಾಡಿಕೊಡುವವರು ಅಲ್ವಾ?

ಗಾರ್ಡನ್ ಕೂಡ ಮಾಡುತ್ತೇವೆ. ಆದರೆ ನಮ್ಮ ದಿನದ ಬಹುಪಾಲು ಹೋಗುವುದು ಲೆವೆಲ್, ಅಂದರೆ ನೆಲದ ಎತ್ತರ-ತಗ್ಗು, ನೋಡುವುದರಲ್ಲಿ. ಮಳೆ ನೀರು ಗೇಟಿನಿಂದ ಒಳಗೆ ಬರುತ್ತದೋ ಹೊರಗೆ ಹೋಗುತ್ತದೋ, ಕಾರು ಎಲ್ಲಿ ತಿರುಗುತ್ತದೆ, ಅಜ್ಜಿ ವಾಕರ್ ಹಿಡಿದು ವರಾಂಡದಿಂದ ಅಂಗಳಕ್ಕೆ ಹೇಗೆ ಇಳಿಯುತ್ತಾರೆ, ಪಶ್ಚಿಮದ ಬಿಸಿಲು ಯಾವ ಗೋಡೆಗೆ ಬಡಿಯುತ್ತದೆ, ಇದೆಲ್ಲ ನಮ್ಮ ಕೆಲಸ. ಗಿಡದ ಪಟ್ಟಿ ಬರುವುದು ಕೊನೆಯಲ್ಲಿ.

ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಎಂಬುದನ್ನು ವೃತ್ತಿಯ ಹೆಸರಾಗಿ ರೂಢಿಗೆ ತಂದವರಲ್ಲಿ ಮುಖ್ಯರು ಅಮೆರಿಕದ ಫ್ರೆಡರಿಕ್ ಲಾ ಓಮ್‌ಸ್ಟೆಡ್. ಅವರು ಆರ್ಕಿಟೆಕ್ಟ್ ಕ್ಯಾಲ್ವರ್ಟ್ ವಾಕ್ಸ್ ಜೊತೆ ಸೇರಿ ಮಾಡಿದ ನಕ್ಷೆ 1858ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಸ್ಪರ್ಧೆಯಲ್ಲಿ ಗೆದ್ದಿತು. ಅಂದರೆ ಈ ವೃತ್ತಿಯ ಮೊದಲ ದೊಡ್ಡ ಕೆಲಸವೇ ಆರ್ಕಿಟೆಕ್ಟ್ ಜೊತೆ ಒಂದೇ ಮೇಜಿನಲ್ಲಿ ಕೂತು ಆಗಿದ್ದು.

ಆರ್ಕಿಟೆಕ್ಟ್ ಇದ್ದಾರಲ್ಲ, ಮತ್ತೆ ನೀವು ಯಾಕೆ?

ಮೂವತ್ತು-ನಲವತ್ತರ ಸೈಟಿನಲ್ಲಿ ಸುತ್ತ ಮೂರಡಿ ಬಿಟ್ಟು ಮನೆ ಕಟ್ಟುತ್ತಿದ್ದರೆ ನಾನು ಬೇಕಾಗಿಲ್ಲ. ನಿಮ್ಮ ಆರ್ಕಿಟೆಕ್ಟ್ ಸಾಕು. ಒಂದು ಸಲ ಭೇಟಿ ಮಾಡಿ ಸಲಹೆ ಕೇಳಿ, ಅಷ್ಟೇ. ಆದರೆ ಅರ್ಧ ಎಕರೆ ಮೇಲಿನ ತೋಟದ ಮನೆ, ಶಾಲೆ, ಆಸ್ಪತ್ರೆ, ಕಲ್ಯಾಣ ಮಂಟಪ, ಲೇಔಟ್, ಕಾರ್ಖಾನೆ, ಇವುಗಳಲ್ಲಿ ಕಟ್ಟಡಕ್ಕಿಂತ ಖಾಲಿ ಜಾಗವೇ ಜಾಸ್ತಿ ಇರುತ್ತದೆ. ಆ ಜಾಗವನ್ನೂ ಯಾರಾದರೂ ಡ್ರಾಯಿಂಗ್ ಮಾಡಬೇಕಲ್ಲ? ಯಾರೂ ಮಾಡದಿದ್ದರೆ ಜೆಸಿಬಿ ಡ್ರೈವರ್ ಮಾಡುತ್ತಾನೆ.

ಯಾವಾಗ ಕರೆಯಬೇಕು?

ಪ್ಲಿಂತ್ ಲೆವೆಲ್, ಅಂದರೆ ಹೊರಗಿನ ನೆಲದಿಂದ ಮನೆಯ ನೆಲ ಎಷ್ಟು ಎತ್ತರ ಎಂಬುದನ್ನು, ಗಟ್ಟಿ ಮಾಡುವ ಮುಂಚೆ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನೇ ಓದಿ.

ನಮ್ಮ ಕಡೆ ವಾಡಿಕೆ ಏನೆಂದರೆ, ಬಣ್ಣ ಹಚ್ಚಿದ ಮೇಲೆ, ವಾಸ್ತುಶಾಂತಿಗೆ ಮೂರು ವಾರ ಇರುವಾಗ ಫೋನ್ ಬರುತ್ತದೆ: "ಸರ, ಮುಂದ ಸ್ವಲ್ಪ ಹಸಿರು ಮಾಡಿಕೊಡ್ರಿ." ಹೋಗಿ ನೋಡಿದರೆ ಸಿಮೆಂಟ್ ರಾಡಿ, ಒಡೆದ ಇಟ್ಟಂಗಿ, ಟೈಲ್ಸ್ ಚೂರು ಎಲ್ಲವನ್ನೂ ಹರಡಿ ಮೇಲೆ ಎರಡಿಂಚು ಕೆಂಪು ಮಣ್ಣು ಹಾಕಿರುತ್ತಾರೆ. ಸೈಟಿನ ಒಳ್ಳೆಯ ಮೇಲ್ಮಣ್ಣು ಪಾಯ ತೋಡಿದ ದಿನವೇ ಟ್ರ್ಯಾಕ್ಟರಿನಲ್ಲಿ ಹೋಗಿರುತ್ತದೆ. ಈಗ ಅದೇ ತರಹದ ಮಣ್ಣನ್ನು ದುಡ್ಡು ಕೊಟ್ಟು ತರಿಸಬೇಕು.

ಬಾಗಲಕೋಟೆ ಕಡೆಯ ಒಂದು ಶಾಲೆಯ ಕತೆ ಹೇಳುತ್ತೇನೆ. ಪ್ಲಿಂತ್ 450 ಮಿ.ಮೀ. ಎಂದು ಡ್ರಾಯಿಂಗ್‌ನಲ್ಲಿತ್ತು. ಗಾಲಿ ಕುರ್ಚಿ ಹೋಗುವ ರಾಂಪಿಗೆ ಇಳಿಜಾರು 1:12 ಇರಬೇಕು. ಅಂದರೆ 450 ಏರಲು 5.4 ಮೀಟರ್ ಉದ್ದ ಬೇಕು. ಗೇಟಿನಿಂದ ಬಾಗಿಲಿಗೆ ಇದ್ದ ಜಾಗ ಏಳು ಮೀಟರ್. ಸರಿಯಾಗಿ ಕೂತಿತ್ತು. ನಡುವೆ ಯಾರೋ ರಸ್ತೆ ಮುಂದೆ ಎತ್ತರ ಆಗಬಹುದು ಎಂದರು, ಪ್ಲಿಂತ್ 1050 ಆಯಿತು. ನನಗೆ ಯಾರೂ ಹೇಳಲಿಲ್ಲ. ಈಗ ರಾಂಪಿಗೆ 12.6 ಮೀಟರ್ ಬೇಕು, ನಡುವೆ ನಿಲ್ಲಲು ಸಮತಟ್ಟು ಜಾಗ ಬೇರೆ. ರಾಂಪ್ ಎರಡು ಸಲ ತಿರುಗಿ ಮುಂದಿನ ಅಂಗಳವನ್ನು ಪೂರ್ತಿ ನುಂಗಿತು. ಮಕ್ಕಳು ಕೂರಲಿ ಎಂದು ಬೇವಿನ ಸುತ್ತ ಬರೆದಿದ್ದ ಕಟ್ಟೆ ಕಾಗದದಲ್ಲೇ ಉಳಿಯಿತು. ಒಂದು ಸಾಲಿನ ವಾಟ್ಸಾಪ್ ಮೆಸೇಜ್ ಬಂದಿದ್ದರೆ ಸಾಕಿತ್ತು.

ಹಾಗಾಗಿ ಆರ್ಕಿಟೆಕ್ಟ್ ಮೊದಲ ಸ್ಕೆಚ್ ತೋರಿಸುವ ದಿನ ನನ್ನನ್ನೂ ಕರೆಯಿರಿ. ಆ ಹೊತ್ತಿಗೆ ನಾನು ಕೇಳುವುದು ಮೂರೇ ವಿಷಯ: ಸೈಟಿನ ಯಾವ ಮೂಲೆ ತಗ್ಗು, ಕಟ್ಟಡವನ್ನು ಎರಡು ಮೀಟರ್ ಸರಿಸಿದರೆ ಯಾವ ಮರ ಉಳಿಯುತ್ತದೆ, ಬೋರ್‌ವೆಲ್ ಮತ್ತು ಟ್ಯಾಂಕ್ ಎಲ್ಲಿ.

ಆರ್ಕಿಟೆಕ್ಟ್ ಕೆಲಸ ಎಲ್ಲಿ ಮುಗಿಯುತ್ತದೆ, ನಿಮ್ಮದು ಎಲ್ಲಿ ಶುರು?

ಕಟ್ಟಡದ ಹೊರಗೋಡೆ ಎಂದು ಬಾಯಲ್ಲಿ ಹೇಳುತ್ತೇವೆ. ನಿಜವಾಗಿ ಅಷ್ಟು ಸರಳ ಇಲ್ಲ. ಮೆಟ್ಟಿಲು ಯಾರದು? ಕಾಂಪೌಂಡ್ ಯಾರದು? ಹೊರಗಿನ ಲೈಟು? ಚರಂಡಿ? ಚೇಂಬರಿನ ಮುಚ್ಚಳ? ಜಗಳ ಆಗುವುದೆಲ್ಲ ಇಲ್ಲೇ.

ನಾನು ಮಾಡುವುದು ಹೀಗೆ. ಮೊದಲ ಮೀಟಿಂಗ್‌ನಲ್ಲೇ ಒಂದು ಹಾಳೆಯಲ್ಲಿ ಬರೆದು ಎಲ್ಲರ ಸಹಿ ಹಾಕಿಸುತ್ತೇನೆ. ಕಾಂಪೌಂಡಿನ ವಿನ್ಯಾಸ ಆರ್ಕಿಟೆಕ್ಟರದು, ಅದರ ಎತ್ತರ ಮತ್ತು ಲೆವೆಲ್ ಇಬ್ಬರೂ ಕೂತು. ಹೊರಗಿನ ನೆಲಹಾಸು, ಹೊರ ಮೆಟ್ಟಿಲು, ಮಳೆ ನೀರಿನ ಹರಿವು ನನ್ನದು. ಒಳಚರಂಡಿ ಪ್ಲಂಬಿಂಗ್ ಇಂಜಿನಿಯರದು, ಆದರೆ ಚೇಂಬರ್ ಎಲ್ಲಿ ಬರಬೇಕು ಎಂದು ನನ್ನನ್ನು ಕೇಳಬೇಕು. ಈ ಕೊನೆಯದನ್ನು ಬರೆಸದಿದ್ದರೆ, ನಂಬಿ, ಅಂಗಳದ ನಟ್ಟನಡುವೆ ಚೇಂಬರ್ ಬರುತ್ತದೆ. ಮುಚ್ಚಳದ ಮೇಲೆ ಕುಂಡ ಇಡಿ ಎಂದು ಆಮೇಲೆ ಸಲಹೆ ಬರುತ್ತದೆ.

ಕಟ್ಟಡಕ್ಕೆ ತಾಗಿ ಮಣ್ಣು ಹಾಕುವಾಗ ಅದು ಡಿಪಿಸಿಗಿಂತ (ನೆಲದ ತೇವ ಗೋಡೆಗೆ ಏರದಂತೆ ಹಾಕುವ ಪದರ) ಕನಿಷ್ಠ 150 ಮಿ.ಮೀ. ಕೆಳಗೆ ಇರಬೇಕು. ಇದನ್ನೂ ಆ ಹಾಳೆಯಲ್ಲಿ ಬರೆದಿಡಿ. ಗೋಡೆಗೆ ತೇವ ಬಂದ ಮೇಲೆ ಗೌಂಡಿ, ಮಾಲಿ, ಆರ್ಕಿಟೆಕ್ಟ್ ಮೂವರೂ ಒಬ್ಬರನ್ನೊಬ್ಬರು ತೋರಿಸುತ್ತಾರೆ.

ನೀವು ಮಾಲೀಕರ ಕಡೆಯವರೋ, ಆರ್ಕಿಟೆಕ್ಟ್ ಕಡೆಯವರೋ?

ಎರಡೂ ರೀತಿ ನಡೆಯುತ್ತದೆ. ಮಾಲೀಕರು ನೇರ ನೇಮಿಸಿದರೆ ಫೀ ಅವರೇ ಕೊಡುತ್ತಾರೆ, ನಾನು ಅವರಿಗೇ ಉತ್ತರ ಹೇಳುತ್ತೇನೆ. ಆರ್ಕಿಟೆಕ್ಟ್ ತಮ್ಮ ತಂಡದಲ್ಲಿ ಸೇರಿಸಿಕೊಂಡರೆ ಫೀ ಅವರ ಮೂಲಕ ಬರುತ್ತದೆ. ನನಗೆ ಮೊದಲನೆಯದು ಇಷ್ಟ. ಎರಡನೆಯದರಲ್ಲಿ ಮಾಲೀಕರು ಆರ್ಕಿಟೆಕ್ಟರಿಗೆ ಕೊಟ್ಟಾಗ ಮಾತ್ರ ನಮಗೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಯಾವ ರೀತಿ ಆದರೂ ಸೈಟಿನಲ್ಲಿ ಸೂಚನೆ ಒಂದೇ ಬಾಯಿಂದ ಹೋಗಬೇಕು. ಗೌಂಡಿಗೆ ನಾನು ಒಂದು, ಆರ್ಕಿಟೆಕ್ಟ್ ಒಂದು, ಮಾಲೀಕರ ಅಳಿಯ ಇನ್ನೊಂದು ಹೇಳಿದರೆ ಅವನು ನಾಲ್ಕನೆಯದನ್ನು ಮಾಡುತ್ತಾನೆ. ತಪ್ಪು ಅವನದಲ್ಲ.

ಫೀ ಎಷ್ಟು?

ಸೈಟ್ ನೋಡದೆ ಹೇಳುವುದಿಲ್ಲ. ಲೆಕ್ಕ ಹಾಕುವ ದಾರಿ ಮೂರು: ಹೊರಾಂಗಣ ಕೆಲಸದ ವೆಚ್ಚದಲ್ಲಿ ಇಷ್ಟು ಶೇಕಡಾ, ಜಾಗದ ಅಳತೆಗೆ ಇಷ್ಟು, ಅಥವಾ ಒಟ್ಟು ಒಂದು ಮೊತ್ತ. ಮನೆಗಳಿಗೆ ಒಟ್ಟು ಮೊತ್ತವೇ ಒಳ್ಳೆಯದು. ಶೇಕಡಾ ಲೆಕ್ಕದಲ್ಲಿ ನಾನು ದುಬಾರಿ ಕಲ್ಲು ಹೇಳಿದಾಗ ನಿಮಗೆ ಅನುಮಾನ ಬರುತ್ತದೆ, ಬರಬೇಕಾದ್ದೇ. ಜಿಎಸ್‌ಟಿ ನೋಂದಣಿ ಇದ್ದವರು ಶೇ 18 ಮೇಲೆ ಸೇರಿಸುತ್ತಾರೆ. ಸೈಟ್ ಭೇಟಿ ಎಷ್ಟು ಎಂದು ಒಪ್ಪಂದದಲ್ಲಿ ಎಣಿಸಿ ಬರೆಯಿರಿ. ಬೆಳಗಾವಿಯಿಂದ ವಿಜಯಪುರಕ್ಕೆ ಹೋಗಿ ಬಂದರೆ ಒಂದು ದಿನ ಪೂರ್ತಿ ಹೋಗುತ್ತದೆ.

ಒಂದು ಮಾತು. "ಡ್ರಾಯಿಂಗ್ ಫ್ರೀ, ಗಿಡ ನಮ್ಮಲ್ಲೇ ತಗೊಳ್ಳಿ" ಎನ್ನುವವರ ಡ್ರಾಯಿಂಗ್‌ನಲ್ಲಿ ಗಿಡ ಯಾಕೆ ಅಷ್ಟು ಒತ್ತೊತ್ತಾಗಿ ಇರುತ್ತದೆ ಎಂದು ಯೋಚಿಸಿ.

ನಮ್ಮದು ಎರೆ ಮಣ್ಣು. ಏನು ಮಾಡುವುದು?

ಜೋಳಕ್ಕೆ ಬಂಗಾರ, ಕಟ್ಟಡಕ್ಕೆ ತಲೆನೋವು. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಏಪ್ರಿಲ್‌ನಲ್ಲಿ ವಿಜಯಪುರದ ಹೊಲದಲ್ಲಿ ನಡೆದರೆ ಬಿರುಕಿನೊಳಗೆ ಕೈ ಇಳಿಯುತ್ತದೆ. ಇದರ ಮೇಲೆ ನೇರ ಪರಸಿ ಕಲ್ಲು ಹಾಸಿದರೆ ಎರಡು ಮಳೆಗಾಲದಲ್ಲಿ ಅದು ಹಪ್ಪಳದ ಹಾಗೆ ಏಳುತ್ತದೆ.

ಹಾಗಾಗಿ ನೆಲಹಾಸಿನ ಕೆಳಗಿನ ಎರೆಯನ್ನು ತೆಗೆದು ಗರಸು (ಮೊರಂ ಮಣ್ಣು) ಹಾಕಿ, ನೀರು ಹೊಡೆದು, ಪದರ ಪದರವಾಗಿ ರೋಲರ್ ಓಡಿಸಬೇಕು. ಎಷ್ಟು ಆಳ ತೆಗೆಯಬೇಕು ಎಂದು ಮಣ್ಣಿನ ಪರೀಕ್ಷೆ ನೋಡಿ ಸ್ಟ್ರಕ್ಚರಲ್ ಇಂಜಿನಿಯರ್ ಹೇಳುತ್ತಾರೆ. ತೆಗೆದ ಎರೆಯನ್ನು ಎಸೆಯಬೇಡಿ. ಅದಕ್ಕೆ ಮರಳು, ಗೊಬ್ಬರ ಬೆರೆಸಿ ಗಿಡದ ಗುಂಡಿಗೆ ಹಾಕಬಹುದು.

ಇಲ್ಲಿ ಆರ್ಕಿಟೆಕ್ಟ್ ಜೊತೆ ಕೂತು ಮಾಡಬೇಕಾದ ಕೆಲಸ ಇನ್ನೊಂದಿದೆ. ಎರೆ ನೆಲದಲ್ಲಿ ದೊಡ್ಡ ಮರ ಪಾಯಕ್ಕೆ ಹತ್ತಿರ ಇದ್ದರೆ ಅದು ಒಂದು ಬದಿಯ ತೇವವನ್ನು ಹೀರುತ್ತದೆ. ಆ ಬದಿ ಕುಗ್ಗುತ್ತದೆ, ಗೋಡೆ ಬಿರಿಯುತ್ತದೆ. ಇನ್ನೊಂದು ಬದಿಯಲ್ಲಿ ಲಾನಿಗೆ ದಿನಾ ನೀರು ಬಿಟ್ಟರೆ ಅಲ್ಲಿ ಉಬ್ಬುತ್ತದೆ. ಬೇರು ಗೋಡೆ ಒಡೆಯಿತು ಎಂದು ಜನ ಹೇಳುತ್ತಾರೆ, ಹಲವು ಸಲ ಒಡೆದದ್ದು ತೇವದ ಏರುಪೇರು. ಕಟ್ಟಡದ ಸುತ್ತ ಒಂದು ಮೀಟರ್ ಆದರೂ ನೀರು ಇಳಿಯದ ಹಾಸು, ಅದರಾಚೆ ಸಣ್ಣ ಗಿಡ, ದೊಡ್ಡ ಮರ ಅದು ಬೆಳೆಯುವ ಎತ್ತರದಷ್ಟು ದೂರ. ಜಾಗ ಇಲ್ಲದಿದ್ದರೆ ಪಾಯವನ್ನೇ ಅದಕ್ಕೆ ತಕ್ಕಂತೆ ಮಾಡಬೇಕು. ಅದಕ್ಕೂ ಪ್ಲಿಂತ್ ಮುಂಚೆಯೇ ಮಾತಾಡಬೇಕು, ನೋಡಿ.

ಜಮಖಂಡಿ, ಮುಧೋಳ ಕಡೆ ಕಬ್ಬಿನ ಗದ್ದೆ ಲೇಔಟ್ ಆಗುತ್ತಿದ್ದರೆ ಸವಳು, ಅಂದರೆ ಮಣ್ಣಿನಲ್ಲಿ ಉಪ್ಪು, ಇದೆಯೇ ಎಂದು ಮೊದಲು ನೋಡಿ. ನೀರು ಹಾಯಿಸಿ ಹಾಯಿಸಿ ಸವಳು-ಜವಳಾದ ನೆಲದಲ್ಲಿ ನರ್ಸರಿಯ ಅಂದದ ಗಿಡಗಳು ಎಲೆಯ ಅಂಚು ಸುಟ್ಟುಕೊಂಡು ಸಾಯುತ್ತವೆ. ಮಣ್ಣು ಮತ್ತು ಬೋರಿನ ನೀರು, ಎರಡನ್ನೂ ಪರೀಕ್ಷೆ ಮಾಡಿಸಿ. ಖರ್ಚು ಒಂದು ದೊಡ್ಡ ತಾಳೆ ಗಿಡದ ಬೆಲೆಗಿಂತ ಕಡಿಮೆ.

ಲಾನ್ ಬೇಕೇ ಬೇಕು. ಹಾಕಿಕೊಡುತ್ತೀರಾ?

ಗೋಳಗುಮ್ಮಟದ ಮುಂದಿನ ಹುಲ್ಲು ನೋಡಿ ಬಂದವರು ಕೇಳುವ ಪ್ರಶ್ನೆ ಇದು. ಹಾಕಿಕೊಡುತ್ತೇನೆ, ಆದರೆ ಮೊದಲು ಲೆಕ್ಕ ಮಾಡಿ.

ಬೇಸಿಗೆಯಲ್ಲಿ ಹುಲ್ಲಿಗೆ ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರ್ ನೀರು ಬೇಕು. 1000 ಚದರ ಅಡಿ ಅಂದರೆ 93 ಚದರ ಮೀಟರ್. ದಿನಕ್ಕೆ 465 ಲೀಟರ್. ಮಾರ್ಚ್‌ನಿಂದ ಮೇ ತನಕ ಸುಮಾರು 43,000 ಲೀಟರ್. ಈಗ ಅಷ್ಟೇ ದೊಡ್ಡ ಚಾವಣಿ ತೆಗೆದುಕೊಳ್ಳಿ. ವಿಜಯಪುರದಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ. ಐದರಲ್ಲಿ ಒಂದು ಭಾಗ ವ್ಯರ್ಥ ಎಂದು ಬಿಟ್ಟರೂ ಚಾವಣಿಯಿಂದ ಸಿಗುವುದು 44,000 ಲೀಟರ್. ವರ್ಷ ಪೂರ್ತಿ ಮನೆ ಮೇಲೆ ಬಿದ್ದ ಮಳೆಯನ್ನು ಮೂರು ತಿಂಗಳಲ್ಲಿ ಹುಲ್ಲು ಕುಡಿದು ಮುಗಿಸುತ್ತದೆ. ನಿಮಗೆ ಟ್ಯಾಂಕರ್ ಎಷ್ಟಕ್ಕೆ ಬರುತ್ತದೆ ಎಂದು ಗೊತ್ತೇ ಇದೆ.

ನನ್ನ ರಾಜಿ ಸೂತ್ರ: ಮಕ್ಕಳು ಉರುಳಾಡುವಷ್ಟು, ಒಂದು ಮಂಚ ಹಾಕಿ ಕೂರುವಷ್ಟು ಮಾತ್ರ ಹುಲ್ಲು. ಅದೂ ನಮ್ಮ ಕರಕಿ ಜಾತಿ. ಉಳಿದದ್ದಕ್ಕೆ ಗರಸು ಅಂಗಳ, ನೆರಳು, ಪರಸಿ. ಆಲಮಟ್ಟಿ ಹಿನ್ನೀರಿನಲ್ಲಿ ಮನೆ ಮುಳುಗಿದವರಿಗಾಗಿ ಕಟ್ಟಿದ ಬಾಗಲಕೋಟೆಯ ನವನಗರದಲ್ಲಿ ಒಬ್ಬ ಹಿರಿಯರು ಮಗ ತೋರಿಸಿದ ಲಾನಿನ ಫೋಟೋ ಎಲ್ಲ ಪಕ್ಕಕ್ಕಿಟ್ಟು, "ಮುಳುಗಡಿ ಆದ ಮನೀ ಮುಂದ ಬೇವಿನ ಗಿಡ, ಕಟ್ಟಿ ಇತ್ತು. ಅಷ್ಟ ಮಾಡ್ರಿ" ಎಂದರು. ಅಷ್ಟೇ ಮಾಡಿದೆವು. ನವನಗರದ ನಕ್ಷೆ ಮಾಡಿದ ಚಾರ್ಲ್ಸ್ ಕೊರಿಯಾ ಅವರೂ ಬಿಸಿಲು ನಾಡಿನಲ್ಲಿ ಬಯಲು ಮತ್ತು ನೆರಳಿನ ಜಾಗಗಳು ಮನೆಯ ಭಾಗವೇ ಎಂದು ನಂಬಿದ್ದವರು.

ಕಾರಂಜಿ?

ಬೇಡ. ವಿಜಯಪುರದ ಒಂದು ಹೋಟೆಲಿಗೆ ನಾನೇ ಹಾಕಿಕೊಟ್ಟಿದ್ದೆ. ಮೊದಲ ಬೇಸಿಗೆಯಲ್ಲಿ ನೀರು ನಿಂತಿತು. ಎರಡನೇ ಬೇಸಿಗೆಯಲ್ಲಿ ಅದರಲ್ಲಿ ಖಾಲಿ ಬಾಟಲಿ ಇದ್ದವು. ತಪ್ಪು ನನ್ನದೇ.

ಹಾಗಾದರೆ ವಿಜಯಪುರ ಆಳಿದ ಆದಿಲ್‌ಶಾಹಿ ಸುಲ್ತಾನರು ಅಷ್ಟು ನೀರು ಹೇಗೆ ಮಾಡಿದರು?

ಇದನ್ನು ಸುಮ್ನೆ ಕುತೂಹಲಕ್ಕೆ ಕೇಳುತ್ತಾರೆ. ನನಗೆ ಇದು ಪಠ್ಯಪುಸ್ತಕದಂಥ ವಿಷಯ. ಅವರು ಮೊದಲು ನೀರಿನ ದಾರಿ ಮಾಡಿದರು. ತೊರವಿ ಕಡೆಯಿಂದ ನೆಲದಡಿ ಸುರಂಗ, ಬೇಗಂ ತಲಾಬದಿಂದ ಮಣ್ಣಿನ ಕೊಳವೆ, ನಡು ನಡುವೆ ಗಂಜ್ ಎನ್ನುವ ಗೋಪುರಗಳು. ಗಂಜ್ ಒಳಗೆ ನೀರಿನ ಒತ್ತಡ ಇಳಿಯುತ್ತಿತ್ತು, ಹೂಳು ಕೂರುತ್ತಿತ್ತು. ಚಾಂದ್ ಬಾವಡಿ (ಬಾವಡಿ ಅಂದರೆ ಮೆಟ್ಟಿಲು ಬಾವಿ) 1579ರದು, ತಾಜ್ ಬಾವಡಿ 1620ರದು, ಬೇಗಂ ತಲಾಬ 1651ರದು. ಅಂದರೆ ಒಂದೇ ದಿನದ ಕೆಲಸ ಅಲ್ಲ, ಮೂರು ಸುಲ್ತಾನರ ಕಾಲ ಹಿಡಿದಿದೆ.

ತಾಜ್ ಬಾವಡಿಗೆ ಹೋದಾಗ ಬರೀ ಕಮಾನು ನೋಡಬೇಡಿ. ಕಮಾನು ಯಾರದು, ಮೆಟ್ಟಿಲು ಯಾರದು, ನೀರು ಯಾರದು ಎಂದು ಬೇರೆ ಮಾಡಲು ಬರುತ್ತದೆಯೇ ನೋಡಿ. ಕಟ್ಟಡ ಮಾಡಿದವನೂ ನೆಲ ಮಾಡಿದವನೂ ಒಂದೇ ನಕ್ಷೆ ಹಿಡಿದಿದ್ದರು ಅನ್ನಿಸುತ್ತದೆ.

ವಿಜಯಪುರದಲ್ಲಿ ಸ್ಮಾರಕದ ಪಕ್ಕ ನಮ್ಮ ಜಾಗ ಇದೆ. ಏನಾದರೂ ತೊಡಕು ಇದೆಯೇ?

ಇದೆ. ಕೇಂದ್ರ ಸರ್ಕಾರದ ರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ನಿರ್ಮಾಣ ನಿಷಿದ್ಧ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. 2010ರ ತಿದ್ದುಪಡಿಯಿಂದ ಇದು ಬಿಗಿಯಾಗಿದೆ. ಹೊರಾಂಗಣದ ಮಂಟಪ, ಕಾಂಪೌಂಡು ತಾನೇ ಎಂದು ಶುರು ಮಾಡಬೇಡಿ, ಮೊದಲು ಕೇಳಿ. ವಿಜಯಪುರದಲ್ಲಿ ಸ್ಮಾರಕಗಳು ಓಣಿ ಓಣಿಯಲ್ಲಿ ಇವೆ. ಬಾದಾಮಿ, ಐಹೊಳೆ, ಪಟ್ಟದಕಲ್ಲಿನಲ್ಲೂ ಇದೇ ಕಾನೂನು.

ಬೆಳಗಾವಿಯ ಗೆಳೆಯರ ಮನೆ ಪ್ಲಾನ್ ಚೆನ್ನಾಗಿದೆ. ಅದನ್ನೇ ವಿಜಯಪುರದಲ್ಲಿ ಮಾಡಬಹುದಾ?

ಆಗುವುದಿಲ್ಲ. ಬೆಳಗಾವಿ ನಗರದಲ್ಲಿ ಮಳೆ ವಿಜಯಪುರದ ಎರಡು ಪಟ್ಟು, ಖಾನಾಪುರ ಕಡೆ ಹೋದರೆ ಇನ್ನೂ ಜಾಸ್ತಿ. ಬೆಳಗಾವಿಯಲ್ಲಿ ಜೂನ್‌ನಿಂದ ಹಿಡಿದ ಮಳೆ ಬಿಡುವುದೇ ಇಲ್ಲ. ಅಲ್ಲಿ ನನ್ನ ಚಿಂತೆ ನೀರನ್ನು ಹೊರಗೆ ಸಾಗಿಸುವುದು, ಪಾಚಿ ಕಟ್ಟಿ ಜಾರದ ಕಲ್ಲು ಹುಡುಕುವುದು. ವಿಜಯಪುರದಲ್ಲಿ ಜೋರು ಮಳೆ ಬರುವುದು ಹೆಚ್ಚಾಗಿ ಸೆಪ್ಟೆಂಬರ್‌ನಲ್ಲಿ, ಕೆಲವೇ ದಿನ, ದಬದಬ ಸುರಿದು ಹೋಗುತ್ತದೆ. ಅಲ್ಲಿ ಚಿಂತೆ ಅದನ್ನು ಹಿಡಿದಿಡುವುದು. ಒಂದು ಕಡೆ ಮೋರಿ, ಇನ್ನೊಂದು ಕಡೆ ಒಡ್ಡು. ಬೆಳಗಾವಿಯ ಮನೆಗೆ ಚಳಿಗಾಲದ ಎಳೆ ಬಿಸಿಲು ಬೇಕು, ವಿಜಯಪುರದ ಮನೆಗೆ ಪಶ್ಚಿಮದಲ್ಲಿ ನೆರಳು ಬೇಕೇ ಬೇಕು.

ಯಾವ ಗಿಡ ಹಾಕಲಿ?

ನಿಮ್ಮೂರಿನ ರಸ್ತೆ ಬದಿ ಯಾರೂ ನೀರು ಹಾಕದೆ ಬದುಕಿರುವ ಮರಗಳನ್ನು ಬರೆದುಕೊಂಡು ಬನ್ನಿ. ಪಟ್ಟಿ ಅಲ್ಲಿಂದ ಶುರು. ಬಯಲು ಸೀಮೆಗೆ ಬೇವು, ಹೊಂಗೆ, ಹುಣಸೆ, ಕಕ್ಕೆ, ಬನ್ನಿ. ಜಾಗ ಕಡಿಮೆ ಇದ್ದರೆ ಕಣಗಿಲ, ದಾಸವಾಳ, ದೇವಗಣಗಿಲ. ಕಣಗಿಲ ವಿಷ, ಶಾಲೆಗೆ ಬೇಡ. ಆಲ, ಅರಳಿಗೆ ಮೈದಾನ ಬೇಕು, ಕಾಂಪೌಂಡಿನ ಪಕ್ಕ ಹಾಕಿ ಆಮೇಲೆ ಅಳಬೇಡಿ.

ಕೊನೊಕಾರ್ಪಸ್ ಎಂಬ ಹೊರದೇಶದ ಮರ ಬೇಗ ಬೆಳೆಯುತ್ತದೆ ಎಂದು ನರ್ಸರಿಯವರು ಹೇಳುತ್ತಾರೆ. ಬೆಳೆಯುತ್ತದೆ, ಬೇರು ಪೈಪಿನೊಳಗೂ ಬೆಳೆಯುತ್ತದೆ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು.

ಸೈಟಿನಲ್ಲಿ ಹಳೇ ಮರ ಇದೆ. ಕಡಿಯಬಹುದಾ?

ಖಾಸಗಿ ಜಾಗದಲ್ಲಿದ್ದರೂ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಆದರೆ ಕಡಿಯುವ ಮುಂಚೆ ಆ ಮರವನ್ನು ಸರ್ವೆ ನಕ್ಷೆಯಲ್ಲಿ ಹಾಕಿಸಿ: ಬೊಡ್ಡೆ ಎಲ್ಲಿ, ಟೊಂಗೆ ಎಷ್ಟು ಹರಡಿದೆ, ಬುಡದ ಲೆವೆಲ್ ಎಷ್ಟು. ನಮ್ಮಲ್ಲಿ ಸರ್ವೆ ಮಾಡುವವರು ಕಂಬ ತೋರಿಸುತ್ತಾರೆ, ಮರ ಬಿಡುತ್ತಾರೆ. ನಕ್ಷೆಯಲ್ಲಿ ಇಲ್ಲದ ಮರ ಆರ್ಕಿಟೆಕ್ಟ್ ಕಣ್ಣಿಗೆ ಬೀಳುವುದಿಲ್ಲ, ಅವರ ತಪ್ಪೇನು?

ಬೆಳಗಾವಿಯ ಹತ್ತಿರ ಒಂದು ಮನೆಯಲ್ಲಿ ಬನ್ನಿ ಗಿಡಕ್ಕಾಗಿ ಆರ್ಕಿಟೆಕ್ಟ್ ಅಡುಗೆಮನೆಯನ್ನು ಒಂದೂವರೆ ಮೀಟರ್ ಒಳಗೆ ತೆಗೆದುಕೊಂಡರು. ಈಗ ದಸರೆಗೆ ಓಣಿಯವರೆಲ್ಲ ಅಲ್ಲಿಗೇ ಬಂಗಾರ ತಗೊಳ್ಳಲು ಬರುತ್ತಾರೆ. ಮಾಲೀಕರಿಗೆ ಸ್ವಲ್ಪ ಕಿರಿಕಿರಿಯೂ ಆಗುತ್ತದಂತೆ.

ಉಳಿಸಿದ ಮರದ ಬುಡಕ್ಕೆ ಮಣ್ಣು ಏರಿಸಬೇಡಿ. ಬೊಡ್ಡೆಯ ಸುತ್ತ ಒಂದೆರಡು ಅಡಿ ಮಣ್ಣು ಹಾಕಿದರೆ ಬೇರಿಗೆ ಗಾಳಿ ಸಿಗದೆ ಮರ ಮೂರು ನಾಲ್ಕು ವರ್ಷದಲ್ಲಿ ನಿಧಾನವಾಗಿ ಒಣಗುತ್ತದೆ. ಆಗ ಕಾರಣ ಯಾರಿಗೂ ನೆನಪಿರುವುದಿಲ್ಲ.

ಟೆರೇಸ್ ಮೇಲೆ ಅಥವಾ ಪಾರ್ಕಿಂಗ್ ಮೇಲೆ ತೋಟ ಆಗುತ್ತದಾ?

ಸ್ಲ್ಯಾಬ್ ಹಾಕುವ ಮುಂಚೆ ಕೇಳಿದರೆ ಆಗುತ್ತದೆ. ನೆನೆದ ಮಣ್ಣು ಘನ ಮೀಟರಿಗೆ ಸುಮಾರು 1.8 ಟನ್ ತೂಗುತ್ತದೆ. ಹುಲ್ಲಿಗೆ 30 ಸೆಂ.ಮೀ. ಮಣ್ಣು ಹಾಕಿದರೂ ಚದರ ಮೀಟರಿಗೆ 540 ಕಿಲೋ. ಜನ ಓಡಾಡುವ ಸಾಮಾನ್ಯ ಚಾವಣಿಗೆ ಲೆಕ್ಕ ಹಿಡಿಯುವ ಮೇಲಿನ ಭಾರ ಚದರ ಮೀಟರಿಗೆ 150 ಕಿಲೋ. ಮರಕ್ಕೆ 1.2 ಮೀಟರ್ ಮಣ್ಣು ಬೇಕು, ಎರಡು ಟನ್ ದಾಟುತ್ತದೆ. ಹಾಗಾಗಿ ಮರವನ್ನು ಕಂಬದ ತಲೆ ಮೇಲೆ ಕೂರಿಸುತ್ತೇವೆ. ಇದಕ್ಕೆ ನಾನು, ಆರ್ಕಿಟೆಕ್ಟ್, ಸ್ಟ್ರಕ್ಚರಲ್ ಇಂಜಿನಿಯರ್ ಮೂವರೂ ಒಂದೇ ಕಾಲಂ ಗ್ರಿಡ್ (ಕಂಬಗಳ ಜಾಗ ತೋರಿಸುವ ನಕ್ಷೆ) ನೋಡಬೇಕು.

ದೊಡ್ಡ ಕಟ್ಟಡಗಳಲ್ಲಿ ಅಗ್ನಿಶಾಮಕ ವಾಹನ ಸುತ್ತಲು ಆರು ಮೀಟರ್ ದಾರಿ ಬಿಡಬೇಕು. ಚೆಂದದ ಮರಗಳ ಸಾಲನ್ನು ಅಲ್ಲಿ ಬರೆದು ಆಮೇಲೆ ಅಳಿಸಿದ ಅನುಭವ ನನಗಿದೆ.

ಕಲ್ಲು ಎಲ್ಲಿಂದ ತರುತ್ತೀರಿ?

ದೂರದಿಂದ ಯಾಕೆ ತರಬೇಕು? ಇಳಕಲ್ಲಿನ ಕೆಂಪು ಗ್ರಾನೈಟ್ ದೇಶವಿದೇಶಕ್ಕೆ ಹೋಗುತ್ತದೆ. ಬಾದಾಮಿಯ ಕೆಂಪು ಮರಳುಗಲ್ಲು ಇದೆ. ಕಲಬುರಗಿ ಕಡೆಯ ಶಹಾಬಾದ್ ಪರಸಿ ಇದೆ. ಬೆಳಗಾವಿ, ಖಾನಾಪುರಕ್ಕೆ ಜಂಬಿಟ್ಟಿಗೆ. ಗ್ರಾನೈಟ್ ಕಾರ್ಖಾನೆಗಳ ಹಿಂದೆ ಬಿದ್ದಿರುವ ಒಡೆದ ಅಂಚು ತುಂಡುಗಳನ್ನು ನಾನು ಕಾಲುದಾರಿಗೆ ಬಳಸುತ್ತೇನೆ, ಅಗ್ಗ. ಪಾಲಿಶ್ ಮಾಡಿದ ಕಲ್ಲನ್ನು ಮಾತ್ರ ಹೊರಗೆ ಹಾಸಬೇಡಿ. ಮಳೆಯಲ್ಲಿ ಜಾರುತ್ತದೆ, ಬಿಸಿಲಲ್ಲಿ ಕಣ್ಣು ಕುಕ್ಕುತ್ತದೆ.

ಆರ್ಕಿಟೆಕ್ಟ್ ಜೊತೆ ಜಗಳ ಆಗಲ್ವಾ?

ಆಗುತ್ತದೆ. ಒಳ್ಳೆಯ ಕೆಲಸದಲ್ಲೂ ಆಗುತ್ತದೆ. ಅವರಿಗೆ ಕಟ್ಟಡದ ಮುಖ ಕಾಣಬೇಕು, ನನಗೆ ಅಲ್ಲೇ ಮರ ಬೇಕು. ಫೋಟೋ ತೆಗೆಯುವ ತನಕ ಮರ ಸಣ್ಣದಿರಲಿ ಎಂದು ಒಬ್ಬರು ಕೇಳಿದ್ದರು, ತಮಾಷೆಗೆ ಅಲ್ಲ.

ನಿಜವಾದ ಹಾನಿ ಆಗುವುದು ರುಚಿಯ ಜಗಳದಿಂದ ಅಲ್ಲ, ಹಳೇ ಡ್ರಾಯಿಂಗ್‌ನಿಂದ. ಆರ್ಕಿಟೆಕ್ಟ್ ಏಳನೇ ಆವೃತ್ತಿಯಲ್ಲಿ ಇರುತ್ತಾರೆ, ನಾನು ನಾಲ್ಕರ ಮೇಲೆ ಕೆಲಸ ಮಾಡುತ್ತಿರುತ್ತೇನೆ, ಸೈಟಿನಲ್ಲಿ ಗೋಡೆಗೆ ಎರಡನೆಯದು ಅಂಟಿಸಿರುತ್ತದೆ. ಅದಕ್ಕೆ ನನ್ನ ಕಡೆಯಿಂದ ಕೆಲವು ಪಟ್ಟು ಇವೆ. ಎಲ್ಲರೂ ಒಂದೇ ಸೊನ್ನೆ ಲೆವೆಲ್ (ಎಲ್ಲ ಎತ್ತರ ಅಳೆಯಲು ಶುರು ಮಾಡುವ ಗುರುತು) ಹಿಡಿಯಬೇಕು, ಅದು ಸೈಟಿನಲ್ಲಿ ಅಳಿಸಿ ಹೋಗದ ಜಾಗದಲ್ಲಿ ಬಣ್ಣದಲ್ಲಿ ಬರೆದಿರಬೇಕು. ಪಕ್ಕದ ಮನೆಯ ಹಳೇ ಕಟ್ಟೆ ಒಳ್ಳೆಯದು. ಲೆವೆಲ್ ಬದಲಾದರೆ ಅದೇ ದಿನ ಹೇಳಬೇಕು. ಪ್ಲಂಬಿಂಗ್, ಕರೆಂಟ್, ನೆಲಹಾಸು ಮೂರನ್ನೂ ಒಂದರ ಮೇಲೊಂದು ಹಾಕಿದ ಹಾಳೆ ಕೆಲಸ ಶುರುವಾಗುವ ಮುಂಚೆ ಒಮ್ಮೆ ಆಗಬೇಕು. ಈ ಹಾಳೆ ಮಾಡಲು ಯಾರಿಗೂ ಮನಸ್ಸಿಲ್ಲ, ಬೇಸರದ ಕೆಲಸ. ನಾನೇ ಮಾಡಿಬಿಡುತ್ತೇನೆ.

ಇನ್ನೊಂದು, ಮಾಲೀಕರ ಮುಂದೆ ಆರ್ಕಿಟೆಕ್ಟ್ ತಪ್ಪನ್ನು ಆಡುವುದಿಲ್ಲ. ಕಾರಿನಲ್ಲಿ ಬರುವಾಗ ಹೇಳುತ್ತೇನೆ. ಅವರೂ ನನ್ನ ಕಾರಂಜಿಯ ವಿಷಯ ಹಾಗೇ ಹೇಳಿದ್ದರು.

ಈ ಕೆಲಸಕ್ಕೆ ಏನು ಓದಬೇಕು? ಲೈಸೆನ್ಸ್ ಬೇಕಾ?

ಸಾಮಾನ್ಯ ದಾರಿ: ಐದು ವರ್ಷದ ಬಿ.ಆರ್ಕ್, ಆಮೇಲೆ ಎರಡು ವರ್ಷ ಲ್ಯಾಂಡ್‌ಸ್ಕೇಪ್‌ನಲ್ಲಿ ಸ್ನಾತಕೋತ್ತರ. ಭಾರತದಲ್ಲಿ ಈ ಕೋರ್ಸನ್ನು ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್ 1972ರಲ್ಲಿ ಶುರು ಮಾಡಿತು. ಅಲ್ಲಿ ಪಾಠ ಹೇಳಿದ ಮೊಹಮ್ಮದ್ ಶಹೀರ್ ಅವರು ವಿನ್ಯಾಸ ಮಾಡಿದ ಸುಂದರ್ ನರ್ಸರಿ ಎಂಬ ಉದ್ಯಾನವನ್ನು ದೆಹಲಿಗೆ ಹೋದಾಗ ನೋಡಿ ಬನ್ನಿ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದಲ್ಲೂ ಈ ಓದು ಇದೆ.

ಆರ್ಕಿಟೆಕ್ಟ್ ಎಂಬ ಹೆಸರಿಗೆ 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ರಕ್ಷಣೆ ಇದೆ. ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಇಲ್ಲದವರು ಆ ಹೆಸರು ಹಾಕಿಕೊಳ್ಳುವಂತಿಲ್ಲ. ಕಾಯ್ದೆ ಕಾಪಾಡುವುದು ಹೆಸರನ್ನು, ವಿನ್ಯಾಸದ ಕೆಲಸವನ್ನು ಬೇರೆಯವರು ಮಾಡಬಾರದು ಎಂದಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಲ್ಯಾಂಡ್‌ಸ್ಕೇಪ್‌ಗೆ ಪ್ರತ್ಯೇಕ ಲೈಸೆನ್ಸ್ ಕಾಯ್ದೆ ನಮ್ಮಲ್ಲಿಲ್ಲ. ಇಸೋಲಾ ಎಂಬ ನಮ್ಮ ವೃತ್ತಿ ಸಂಘ 2003ರಲ್ಲಿ ಹುಟ್ಟಿತು, ಅದು ಸದಸ್ಯತ್ವ ಕೊಡುತ್ತದೆ.

ತೋಟಗಾರಿಕೆ ಓದಿದವರು ಈ ಕೆಲಸಕ್ಕೆ ಬರಬಹುದಾ?

ಬರಲೇಬೇಕು. ಬಾಗಲಕೋಟೆಯಲ್ಲೇ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ, ಗೋಕಾಕ ಹತ್ತಿರದ ಅರಭಾವಿಯಲ್ಲಿ ಕಾಲೇಜಿದೆ. ಗಿಡದ ರೋಗ, ಗೊಬ್ಬರ, ಡ್ರಿಪ್ ಇವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಡ್ರಾಯಿಂಗ್ ಓದುವುದು, ಲೆವೆಲ್ ಹಿಡಿಯುವುದು ಕಲಿತರೆ ಸಾಕು. ನನ್ನ ಗಿಡದ ಪಟ್ಟಿಯನ್ನು ಅರಭಾವಿಯಲ್ಲಿ ಓದಿದ ಗೆಳೆಯರಿಗೆ ತೋರಿಸದೆ ನಾನು ಕಳಿಸುವುದಿಲ್ಲ.

ನಮ್ಮ ಕಡೆ ಇದ್ದು ಕೆಲಸ ಸಿಗುತ್ತದಾ, ಇಲ್ಲ ಬೆಂಗಳೂರಿಗೆ ಹೋಗಬೇಕಾ?

ಎರಡು ಮೂರು ವರ್ಷ ಬೆಂಗಳೂರು ಅಥವಾ ಪುಣೆಯಲ್ಲಿ ಕಲಿತು ಬನ್ನಿ. ಇಲ್ಲಿ ಕೆಲಸ ಇದೆ, ಹೆಸರು ಇಲ್ಲ. ಸಕ್ಕರೆ ಕಾರ್ಖಾನೆ, ಕಾಲೇಜು, ಆಸ್ಪತ್ರೆ, ಹೆದ್ದಾರಿ ಬದಿಯ ಹೋಟೆಲ್, ಲೇಔಟ್ ಪಾರ್ಕು. ದೊಡ್ಡ ಯೋಜನೆಗಳಿಗೆ, 20,000 ಚದರ ಮೀಟರ್ ಮೇಲೆ ಕಟ್ಟಿದರೆ, ಪರಿಸರ ಅನುಮತಿಗೆ ಹಸಿರು ಜಾಗದ ನಕ್ಷೆ ಬೇಕು. ಮೊದಲ ಮೂರು ವರ್ಷ ಕೈ ಬಿಗಿ ಇರುತ್ತದೆ.

ಕೆಲಸ ಮುಗಿದ ಮೇಲೆ ಯಾರು ನೋಡಿಕೊಳ್ಳುತ್ತಾರೆ?

ಮಾಲಿ. ಅವನನ್ನು ಕೆಲಸ ಮುಗಿದ ಮೇಲೆ ಅಲ್ಲ, ನೆಡುವ ದಿನವೇ ನೇಮಿಸಿ. ಪೈಪು ಎಲ್ಲಿ ಹೋಗಿದೆ ಎಂದು ಅವನ ಕಣ್ಣಿಗೆ ಬಿದ್ದಿರಬೇಕು. ಗುತ್ತಿಗೆದಾರರ ಬಿಲ್ಲಿನಲ್ಲಿ ಒಂದಿಷ್ಟು ಹಣ ಒಂದು ಬೇಸಿಗೆ ಕಳೆಯುವ ತನಕ ಹಿಡಿದಿಡಿ. ಸತ್ತ ಗಿಡ ಬದಲಿಸುವುದು ಅವರ ಹೊಣೆ ಎಂದು ಬರೆಸಿ. ನನ್ನ ಒಪ್ಪಂದದಲ್ಲೂ ಮೇ ತಿಂಗಳ ಒಂದು ಭೇಟಿ ಸೇರಿರುತ್ತದೆ, ಬಹಳ ಜನ ಅದನ್ನು ಮರೆತುಬಿಡುತ್ತಾರೆ.

ಮೊದಲ ಭೇಟಿಗೆ ನಾವು ಏನು ರೆಡಿ ಇಡಬೇಕು?

ಸರ್ವೆ ನಕ್ಷೆ, ಆರ್ಕಿಟೆಕ್ಟರ ಈಗಿನ ಡ್ರಾಯಿಂಗ್, ಬೋರಿನ ನೀರು ಬೇಸಿಗೆಯಲ್ಲಿ ಎಷ್ಟು ಹೊತ್ತು ಬರುತ್ತದೆ ಎಂಬ ನಿಜವಾದ ಉತ್ತರ. ಮನೆಯ ಹಿರಿಯರು ಬಂದರೆ ಒಳ್ಳೆಯದು, ಮಳೆ ನೀರು ಹಿಂದೆ ಎಲ್ಲಿ ಹರಿಯುತ್ತಿತ್ತು ಎಂದು ಅವರಿಗೇ ಗೊತ್ತಿರುತ್ತದೆ. ಆರ್ಕಿಟೆಕ್ಟರಿಗೆ ನಾನು ಬರುವುದು ಮೊದಲೇ ತಿಳಿಸಿ, ಸಾಧ್ಯವಾದರೆ ಅವರೂ ಬರಲಿ. ಮಾರ್ಚ್ ಆದ ಮೇಲೆ ವಿಜಯಪುರದ ಸೈಟಾದರೆ ಬೆಳಿಗ್ಗೆ ಏಳಕ್ಕೇ ಸೇರೋಣ. ಹತ್ತು ದಾಟಿದರೆ ಅಲ್ಲಿ ಸ್ಟೀಲ್ ಟೇಪ್ ಕೈಯಲ್ಲಿ ಹಿಡಿಯಲು ಆಗುವುದಿಲ್ಲ.